ಕಂಪ್ಯೂಟರಿಗೂ ಸರಳು ಬಿಡುವವರು

ಯಾರಾದರೂ ನನ್ನನ್ನು ನಾಲ್ಕು ಜನರ ಎದುರಿಗೆ ಬೈದರೆ ತಡೆದುಕೊಂಡೇನು, ಆದರೆ ‘ಮುಂದ’ ಎಂಬ ಮಾತು ಕಿವಿಗೆ ಬಿದ್ದರೆ ನನ್ನ ಮೈಯೆಲ್ಲ ಉರಿಯುತ್ತದೆ. ಮುಂದ ಬೇಕಾಗ್ತೈತಿ, ಮುಂದ ನೋಡೋಣ, ಮುಂದ ಮಾಡಿದರಾತು. ಮಹಾರಾಷ್ಟ್ರದ ಗಡಿಯೊಳಗಿನ ನಮ್ಮ ಸಂಖದ ಕಡೆ ಯಾರೂ ಯಾವ ವಸ್ತುವನ್ನೂ ಇವತ್ತಿಗೆಂದು ಕೊಳ್ಳುವುದಿಲ್ಲ. ಮನೆಯಲ್ಲಿ ಕನ್ನಡದ ‘ಮುಂದ’ ಕೇಳಿ ಬೇಸತ್ತು ಪೇಟೆಗೆ ಹೋದರೆ ಅಲ್ಲಿ ಮರಾಠಿಯ ‘ಪುಢೆ’ ಕಾದಿರುತ್ತದೆ. ನಾನು ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಗೆ ಕಲಿಸುವ ಬಾಯಾರು. ಜೂನ್ ತಿಂಗಳಲ್ಲಿ ನನ್ನ ವರ್ಗದ ಮಕ್ಕಳು ಹೊಸ ಅಂಗಿಯೊಳಗೆ ಹುದುಗಿಕೊಂಡು ಬರುತ್ತವೆ. ಹಾಜರಿ ಕರೆದರೆ ತೋಳಿನೊಳಗಿಂದ ಕೈ ಹೊರಗೆ ಬರುವ ತನಕ ನಾನು ಕಾಯಬೇಕು. ಬೆಳೆಯುವ ಕೂಸು ಎಂದು ಎರಡು ಅಳತೆ ದೊಡ್ಡದು ಕೊಂಡಿರುತ್ತಾರೆ. ಅಂಗಿ ಮೈಗೆ ಸರಿಯಾಗುವ ಹೊತ್ತಿಗೆ ಅದರ ಕಾಲರು ಹರಿದು ಹೋಗಿರುತ್ತದೆ. ನನ್ನ ಕುಪ್ಪಸ ಹೊಲಿಯುವಾಕೆಯೂ ಒಳಗೆ ಇನ್ನರ್ಧ ಕುಪ್ಪಸಕ್ಕಾಗುವಷ್ಟು ಬಟ್ಟೆ ಮಡಚಿ ಬಿಡುತ್ತಾಳೆ. ಯಾಕವ್ವಾ ಎಂದರೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮುಂದ ಬೇಕಾಗ್ತೈತ್ರಿ ಬಾಯಾರ, ಅನ್ನುತ್ತಾಳೆ. ಆಕೆ ನುಡಿದದ್ದು ಇಲ್ಲಿಯವರೆಗೆ ಸುಳ್ಳಾಗಿಲ್ಲ, ಅದು ಬೇರೆ ಮಾತು.

ಇಂಥ ಊರಿನಲ್ಲಿ ನನ್ನ ಹಣೆಬರಹಕ್ಕೆ ಸಿಕ್ಕ ಗಂಡನೋ, ಮನೆ ಕಟ್ಟಿಸುವ ಗುತ್ತೇದಾರ. ಕಿವಿಯ ಮೇಲೆ ಪೆನ್ಸಿಲ್ ಇಲ್ಲದೆ ಅವರನ್ನು ನಾನು ನೋಡಿದ್ದು ನಮ್ಮ ಮದುವೆಯ ದಿನ ಮಾತ್ರ, ಅವತ್ತು ಅಲ್ಲಿ ಬಾಸಿಂಗ ಇತ್ತು. ಅವರು ಯಾವ ಮನೆ ಕಟ್ಟಿದರೂ ಮಾಳಿಗೆಯ ಮೇಲೆ ಮೂಲೆಮೂಲೆಗೆ ಕಂಬದ ಕಬ್ಬಿಣದ ಸರಳುಗಳನ್ನು ಹಾಗೇ ಆಕಾಶಕ್ಕೆ ಬಿಡುತ್ತಾರೆ. ಮುಂದೆ ಇನ್ನೊಂದು ಅಂತಸ್ತು ಏರಿಸಲು ಬರಬೇಕಲ್ಲ! ನಮ್ಮ ಮನೆಯ ಮೇಲೂ ಬಿಟ್ಟಿದ್ದಾರೆ. ಮಗಳು ತೊಟ್ಟಿಲಲ್ಲಿದ್ದಾಗ ಬಿಟ್ಟ ಸರಳು. ಮಗಳೀಗ ಮಿರಜಿನಲ್ಲಿ ಕಾಲೇಜು ಓದುತ್ತಾಳೆ, ಸರಳು ಮಾತ್ರ ಜಂಗು ಹಿಡಿದು ಅಲ್ಲೇ ನಿಂತಿದೆ. ಈ ಇಷ್ಟು ವರ್ಷಗಳಲ್ಲಿ ಅದರಿಂದ ಆದ ಉಪಯೋಗವೆಂದರೆ ಹಗ್ಗ ಕಟ್ಟಿ ಸೀರೆ ಒಣಹಾಕುವುದು, ಆದ ಲುಕ್ಸಾನು ಎಂದರೆ ಆ ಸೀರೆ ಗಾಳಿಗೆ ಅದೇ ಸರಳಿಗೆ ಸಿಕ್ಕು ಹರಿಯುವುದು.

ಈಗ ನನ್ನ ಸಂಕಟಕ್ಕೆ ಬರುತ್ತೇನೆ. ನನಗೊಂದು ಗೇಮಿಂಗ್ ಕಂಪ್ಯೂಟರ್ ಬೇಕಾಗಿತ್ತು. ನೀವೂ ‘ಮಗನಿಗಾ?’ ಎಂದು ಕೇಳಬೇಡಿ. ನನಗೆ ಮಗನಿಲ್ಲ, ಮಗಳಿಗೆ ಆಟದ ಹುಚ್ಚಿಲ್ಲ. ಆಡುವವಳು ನಾನು. ಕೂದಲು ನೆರೆತ ಗಂಡಸರು ಚಾವಡಿ ಕಟ್ಟೆಯ ಮೇಲೆ ಹೊತ್ತು ಮುಳುಗುವ ತನಕ ಇಸ್ಪೀಟು ಎಳೆಯಬಹುದು, ಕೂದಲು ನೆರೆತ ಬಾಯಾರು ಸಾಲಿ ಬಿಟ್ಟ ಮೇಲೆ ಒಂದು ತಾಸು ಕಂಪ್ಯೂಟರಿನಲ್ಲಿ ಆಡಿದರೆ ಜನಕ್ಕೆ ನಗು. ನಗಲಿ. ಸೊಲ್ಲಾಪುರದಲ್ಲಿರುವ ನನ್ನ ತಂಗಿ ಸುವರ್ಣಾ ಮತ್ತು ನಾನು ದಿನಾ ಸಂಜೆ ಕೂಡಿ ಊರು ಕಟ್ಟುವ ಒಂದು ಆಟ ಆಡುತ್ತೇವೆ. ಆಕೆ ತನ್ನ ಮನೆಯಲ್ಲಿ ಕೂತು ಕಲ್ಲು ಹೊರುತ್ತಾಳೆ, ನಾನು ನನ್ನ ಮನೆಯಲ್ಲಿ ಕೂತು ಕಟ್ಟಿಗೆ ಕಡಿಯುತ್ತೇನೆ, ನಡುನಡುವೆ ಅತ್ತೆಯರ ಸುದ್ದಿ. ಸಣ್ಣವರಿದ್ದಾಗ ತವರೂರು ಉಮದಿಯಲ್ಲಿ ಒಂದೇ ಜೋಕಾಲಿಗೆ ಜಗಳಾಡಿದವರು ನಾವು. ಈಗ ಜೋಕಾಲಿಯಾಡುವ ನಾಗರಪಂಚಮಿಗೂ ಇಬ್ಬರಿಗೂ ಕೂಡಿ ರಜೆ ಸಿಗುವುದಿಲ್ಲ. ಅದಕ್ಕೇ ಈ ಸಲ ಆಟದ ಊರಿನಲ್ಲೇ ಹೊಳೆಯ ದಂಡೆಯ ಮರಕ್ಕೆ ಜೋಕಾಲಿ ಕಟ್ಟುವುದೆಂದು ಮಾತಾಗಿತ್ತು. ಜೋಕಾಲಿಯ ಎಡಕ್ಕೆ ಆಕೆಯ ಮನೆ, ಬಲಕ್ಕೆ ನನ್ನದು. ಆದರೆ ನನ್ನ ಹಳೆಯ ಲ್ಯಾಪ್‌ಟಾಪು ಮುದಿ ಎತ್ತಿನ ಹಾಗೆ ನಡುದಾರಿಯಲ್ಲಿ ಕೂತುಬಿಡುತ್ತಿತ್ತು. ಅದರ ಪರದೆ ಮತ್ತೆ ಅಲ್ಲಾಡುವ ಹೊತ್ತಿಗೆ ತಂಗಿ ಸೇತುವೆ ಕಟ್ಟಿ, ದಾಟಿ, ಆಚೆ ದಂಡೆಯಲ್ಲಿ ಅಡಿಗೆ ಮಾಡಿಕೊಂಡು ಉಂಡಿರುತ್ತಿದ್ದಳು. ಕೊನೆಗೆ ಆಕೆ ಪಕ್ಕದ ಮನೆಯ ಮಂದಾ ವೈನಿಯನ್ನು ಆಟಕ್ಕೆ ಕರೆದುಕೊಂಡಳು.

“ಅಕ್ಕಾ, ನೀ ಬರೂದರಾಗ ಆಟ ಮುಗದಿರ್ತೈತಿ,” ಅಂದಳು ಒಂದು ದಿನ ಫೋನಿನಲ್ಲಿ. “ವೈನಿ ಹೊಳಿ ದಂಡಿ ಮ್ಯಾಲಿನ ಜಾಗಾ ಕೇಳಾಕತ್ಯಾರ. ಪಂಚಮಿತನಕಾ ತಡಿತೀನಿ. ಆಮ್ಯಾಗ ಕೊಟ್ಟಬಿಡ್ತೀನಿ ನೋಡು.”

ನನ್ನ ಜಾಗ! ಒಡಹುಟ್ಟಿದವಳ ಬಾಯಿಂದ ಇಂಥ ಮಾತು! ಮಂದಾ ವೈನಿಯನ್ನು ನಾನು ಕಂಡವಳೇ ಅಲ್ಲ, ಆದರೂ ಆ ದಿನದಿಂದ ಆಕೆ ನನಗೆ ಸವತಿಗಿಂತ ಹೆಚ್ಚಾದಳು.

ಮರುದಿನ ರವಿವಾರ. ಗಂಡನನ್ನು ಎಬ್ಬಿಸಿಕೊಂಡು ವಿಜಯಪುರದ ಬಸ್ಸು ಹತ್ತಿದೆ. ಅಂಗಡಿಯವನು, ನಿರೀಕ್ಷಿಸಿದ ಹಾಗೆಯೇ, ಮಗನಿಗೇನ್ರಿ ಎಂದು ಕೇಳಿದ. ನನಗೇ ಎಂದೆ. ಅವನು ತಲೆಯಾಡಿಸಿ, ಅಲ್ಲಿಂದಾಚೆಗೆ ಪ್ರತಿಯೊಂದು ಮಾತನ್ನೂ ನನ್ನ ಗಂಡನಿಗೆ ಹೇಳತೊಡಗಿದ. ಆಡುವವಳು ನಾನು, ಪಗಾರ ನನ್ನದು, ಮಾತು ಮಾತ್ರ ಅವರಿಗೆ. ತಯಾರಾದ ಕಂಪ್ಯೂಟರುಗಳು ಎರಡು ಇದ್ದವು. ಒಂದು ನಮ್ಮ ರೊಟ್ಟಿ ಡಬ್ಬಿಯಷ್ಟು ಪುಟ್ಟದು, ಮೂಲೆಯಲ್ಲಿ ತೆಪ್ಪಗೆ ಕೂತಿತ್ತು. ನೋಡಿದೊಡನೆ ನನಗೆ ಅದರ ಮೇಲೆ ಮನಸ್ಸಾಯಿತು. ನಡುಮನೆಯ ಗೋಡೆಯ ಗೂಡಿನಲ್ಲಿ ಹಿಡಿಯುತ್ತದೆ. ಬೇಸಿಗೆ ರಜೆಯಲ್ಲಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಸೊಲ್ಲಾಪುರಕ್ಕೂ ಒಯ್ಯಬಹುದು. ಇನ್ನೊಂದು ಮೊಣಕಾಲೆತ್ತರದ ದೊಡ್ಡ ಪೆಟ್ಟಿಗೆ, ಪಕ್ಕಕ್ಕೆ ಗಾಜು, ಒಳಗೆ ಗಣಪತಿ ಮಂಟಪದಂತೆ ಬಣ್ಣಬಣ್ಣದ ದೀಪ. ಸಣ್ಣದರಲ್ಲಿ ಏನಿದೆಯೋ ಅದೇ, ಆಮೇಲೆ ಹೆಚ್ಚಿಸಲು ಬರುವುದಿಲ್ಲ, ಎಂದ ಅಂಗಡಿಯವನು. ದೊಡ್ಡದರಲ್ಲಿ ರ‍್ಯಾಮ್ ಏರಿಸಬಹುದು, ಗ್ರಾಫಿಕ್ಸ್ ಕಾರ್ಡು ಬದಲಿಸಬಹುದು, ಎಂದ. ಎಂದವನು ಅಷ್ಟಕ್ಕೇ ನಿಲ್ಲಬಾರದೇ? “ಮುಂದ ಬೇಕಾದ್ದ ಮಾಡ್ಕೋಬಹುದ್ರಿ,” ಅಂದುಬಿಟ್ಟ.

ನನ್ನ ಗಂಡನ ಕಣ್ಣು ಹೊಳೆದವು. ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಇಟ್ಟಂಗಿ ಬಡಿದು ನೋಡುವ ಹಾಗೆ ಪೆಟ್ಟಿಗೆಯನ್ನು ಬೆರಳಿನಿಂದ ಬಡಿದರು. ಒಳಗೆ ಏನೇನಿದೆ ಎಂದು ಒಂದು ಮಾತು ಕೇಳಲಿಲ್ಲ, ಎಷ್ಟು ಜಾಗ ಖಾಲಿ ಇದೆ ಎಂದು ಮಾತ್ರ ಕೇಳಿದರು. ಖಾಲಿ ಇದ್ದಷ್ಟೂ ಅವರಿಗೆ ಸಂತೋಷ. ಜನ ವಸ್ತು ಕೊಳ್ಳಲು ಹೋಗುತ್ತಾರೆ, ಈ ಮನುಷ್ಯ ಖಾಲಿ ಜಾಗ ಕೊಳ್ಳಲು ಬಂದಿದ್ದರು. ನಾನು ಸಣ್ಣದೇ ಸಾಕು ಎಂದೆ. ಅವರು ದೊಡ್ಡದೇ ಇರಲಿ ಎಂದರು. ಅಂಗಡಿಯವನು ಚಹಾ ತರಿಸಿದ. ಚಹಾ ಕುಡಿದು, ವಿಚಾರ ಮಾಡಿ ಬರ್ತೀವ್ರಿ ಎಂದು ಹೇಳಿ, ಬರಿಗೈಯಲ್ಲಿ ಊರಿಗೆ ತಿರುಗಿ ಬಂದೆವು. ದಾರಿಯುದ್ದಕ್ಕೂ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ.

ವಿಚಾರವೋ, ಮುಗಿಯುವ ಲಕ್ಷಣವೇ ಕಾಣಲಿಲ್ಲ. ಉಣ್ಣಲು ಕೂತಾಗೆಲ್ಲ ಅವರಿಗೆ ಹೊಸ ಕಾರಣ ಹೊಳೆಯುತ್ತಿತ್ತು. ನಮ್ಮ ಬಿಸಿಲಿಗೆ ಸಣ್ಣ ಪೆಟ್ಟಿಗೆ ಕಾಯುತ್ತದೆ, ಒಳಗೆ ಗಾಳಿಯಾಡಲು ಎಡೆಯಿಲ್ಲ, ಒಂದು ಭಾಗ ಕೆಟ್ಟರೆ ಎಲ್ಲವೂ ಕೂತಂತೆ. ಒಪ್ಪುತ್ತೇನೆ, ಸುಳ್ಳಲ್ಲ. ಆದರೆ ದೊಡ್ಡದು ನಮ್ಮ ಕೆಂಪು ಧೂಳನ್ನೆಲ್ಲ ಫ್ಯಾನಿನಿಂದ ಒಳಗೆಳೆದುಕೊಂಡು ಹೊಟ್ಟೆಯಲ್ಲಿ ಹೊಲ ಮಾಡಿಕೊಳ್ಳುತ್ತದೆ, ಬೇಕಾದರೆ ಅಲ್ಲಿ ಜೋಳ ಬಿತ್ತಿರಿ, ಎಂದೆ ನಾನು. ಶ್ರಾವಣ ಬಂತು. ತಂಗಿ ಫೋನಿನಲ್ಲಿ, ವೈನಿ ಹಗ್ಗ ಹೊಸೆಯಲು ಶುರು ಮಾಡಿದ್ದಾರೆ ಎಂದಳು. ನಮ್ಮ ಜೋಕಾಲಿಯ ಹಗ್ಗ! ಅದೇ ದಿನ ಮಾಳಿಗೆಯ ಮೇಲೆ ಒಣಹಾಕಿದ್ದ ನನ್ನ ಇಳಕಲ್ ಸೀರೆ ಸರಳಿಗೆ ಸಿಕ್ಕು ಗೇಣುದ್ದ ಹರಿದಿತ್ತು. ಹರಿದ ಸೆರಗು ಹಿಡಿದುಕೊಂಡೇ ಕೆಳಗಿಳಿದು ಬಂದು ಅವರ ಮುಂದೆ ನಿಂತೆ.

“ನಿಮ್ಮ ಆ ಮ್ಯಾಲಿನ ಮಜಲಾದಾಗ ಇವತ್ತಿನತನಕಾ ಯಾರ ಸಂಸಾರ ಮಾಡ್ಯಾರ್ರಿ?” ಅಂದೆ. “ನನಗ ಮುಂದಿಂದ ಬ್ಯಾಡ. ಇವತ್ತಿಂದ ಬೇಕು.”

ಅವರು ಜಗಳಾಡಿದ್ದರೆ ನನಗೆ ಹಗುರಾಗುತ್ತಿತ್ತು. ಜಗಳಾಡಲಿಲ್ಲ. ಸೆರಗನ್ನು ಕೈಯಲ್ಲಿ ತೆಗೆದುಕೊಂಡು ಹರಿದಲ್ಲಿ ಬೆರಳಾಡಿಸಿದರು. ಆಮೇಲೆ ಮೆಲ್ಲಗೆ, “ಮ್ಯಾಲ ಏರಸಾಕ ಬರಂಗಿಲ್ಲ ಅಂದ್ರ ಮನಿ ಅಲ್ಲಿಗೇ ಮುಗದಂಗ ಅನಸ್ತೈತಿ ನನಗ,” ಅಂದರು. ಸೆರಗನ್ನು ಮಡಚಿ ನನ್ನ ಕೈಗಿಟ್ಟು, “ಲಗೂನ ತಯಾರಾಗು, ವಿಜಯಪುರದ ಗಾಡಿ ಬರೂ ಹೊತ್ತಾತು,” ಅಂದರು. ಇಂಥ ಮನುಷ್ಯರ ಮೇಲೆ ಸಿಟ್ಟು ಮಾಡಿಕೊಂಡು ಮುಂದುವರಿಯುವುದು ಎಷ್ಟು ಕಷ್ಟ ಎಂಬುದು ಮದುವೆಯಾದವರಿಗೆ ಗೊತ್ತು. ಆದರೂ ನಾನು ಬಸ್ಸಿನಲ್ಲಿ ಅರ್ಧ ದಾರಿಯವರೆಗೆ ಅದನ್ನು ಉಳಿಸಿಕೊಂಡಿದ್ದೆ.

ಸಣ್ಣದನ್ನೇ ತಂದೆವು. ತೊಡೆಯ ಮೇಲಿಟ್ಟುಕೊಂಡೇ ತಂದೆ, ಕಂಡಕ್ಟರು ಇದೇನು ರೊಟ್ಟಿ ಡಬ್ಬಿಯಾ ಎಂದು ಕೇಳಿದ. ಗೂಡಿನಲ್ಲಿ ಅದು ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಪಂಚಮಿಗೆ ಇನ್ನೂ ದಿನವಿತ್ತು. ನಾನು ಹಟ ಹಿಡಿದು ಹೊಳೆಯ ದಂಡೆಯಲ್ಲಿ, ನನ್ನದೇ ಜಾಗದಲ್ಲಿ, ಮನೆ ಕಟ್ಟಿದೆ. ಕಲ್ಲಿನ ಗೋಡೆ, ಕಟ್ಟಿಗೆಯ ಬಾಗಿಲು, ಬಾಗಿಲಿಗೆ ತೋರಣ. ಹಬ್ಬದ ದಿನ ಆಟದ ಊರಿಗೆ ತಂಗಿ ಬಂದಳು, ಮಂದಾ ವೈನಿಯೂ ಬಂದರು. ಪಾಪ, ಹಗ್ಗ ಚಲೋ ಹೊಸೆದಿದ್ದರು. ಅಕ್ಕತಂಗಿಯರು ಕೂಡಿ ಜೋಕಾಲಿ ಜೀಕಿದೆವು. ಪರದೆ ಎಲ್ಲಿಯೂ ನಿಲ್ಲಲಿಲ್ಲ. ಇವತ್ತಿನದು ಇವತ್ತೇ ಸಿಕ್ಕಿತು ಎಂಬ ಹೆಮ್ಮೆಯಿಂದ ನಾನು ಗಂಡನನ್ನು ಕರೆದೆ. ಅವರು ಚಹಾದ ಕಪ್ಪು ಹಿಡಿದು ಬಂದು ನನ್ನ ಬೆನ್ನ ಹಿಂದೆ ನಿಂತರು. ಜೋಕಾಲಿ ಮೇಲೆ ಹೋದಾಗ ನನ್ನ ಮನೆಯ ಮಾಳಿಗೆ ಕಾಣುತ್ತಿತ್ತು.

“ಅಕ್ಕಾ,” ಅಂದಳು ಸುವರ್ಣಾ, “ಮಾಳಗಿ ಮ್ಯಾಲ ಅವು ಕಂಬ ಯಾಕ ಹಂಗ ಬಿಟ್ಟೀದಿ?”

ಆಗಲೇ ನಾನೂ ನೋಡಿದ್ದು. ಮೂಲೆಗಳಲ್ಲಿ ಕಂಬಗಳು, ಮೇಲೆ ಏನೂ ಇಲ್ಲದೆ ಆಕಾಶ ನೋಡುತ್ತ ನಿಂತಿದ್ದವು. ಯಾರೂ ಹೇಳಿಕೊಟ್ಟಿರಲಿಲ್ಲ, ನನ್ನ ಕೈಯೇ ಬಿಟ್ಟಿತ್ತು. ಆಟದಲ್ಲಿ ಬೇಕೆಂದಾಗ ಕೆಡವಿ ಬೇಕೆಂದಾಗ ಕಟ್ಟಬಹುದು, ಕಂಬ ಬಿಡುವ ದರ್ದೇ ಇಲ್ಲ. ತಂಗಿಗೆ “ಮುಂದ…” ಎಂದು ಶುರು ಮಾಡಿ ಬಾಯಿ ಮುಚ್ಚಿಕೊಂಡೆ.

ಹಿಂದಿನಿಂದ ನಗು ಕೇಳಬಹುದೆಂದು ಕಾದೆ. ಗಂಡ ನಗಲಿಲ್ಲ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಪರದೆಯ ಮೇಲೆ ತೋರಿಸಿ, “ಹೊಳಿ ಕಡಿ ಮೂಲ್ಯಾಗ ಒಂದ ಕಂಬ ನಿಲ್ಲಸೂದ ಮರತೀದಿ ನೋಡು,” ಅಂದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವರು ಚಹಾದ ಕಪ್ಪು ಇಡಲು ಒಳಗೆ ಹೋಗುವ ತನಕ ತಡೆದೆ, ಆಮೇಲೆ ಆ ಕಂಬವನ್ನೂ ನಿಲ್ಲಿಸಿದೆ.