ಡಾಕ್ಟರ ಕೋಟಿನ ಅದಲುಬದಲು ತೋಳು

ಹೆಂಡತಿ: ರೀ, ಒಳಗೆ ಹೋಗ್ತೀರೋ, ಇಲ್ಲ ನಾನೇ ತಳ್ಳಲೋ?

ಟೈಲರ್: ಸ್ಕ್ಯಾನ್ ಯಾಕೆ ಕಣೇ? ತಲೆ ಕೆಟ್ಟಿದೆ ಅಂತ ನಾನೇ ಒಪ್ಕೊಂಡಿದೀನಲ್ಲ. ಅದಕ್ಕೆ ಫೋಟೋ ಬೇರೆ ಬೇಕಾ?

ಹೆಂಡತಿ: ಮೂವತ್ತು ವರ್ಷದಲ್ಲಿ ಒಂದು ತಪ್ಪೂ ಒಪ್ಕೊಳ್ದೇ ಇದ್ದ ಮನುಷ್ಯ ನೀವು. ಈಗ ಒಪ್ಕೊಂಡ್ರಲ್ಲ, ಅದಕ್ಕೇ ನನಗೆ ಭಯ!

ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ಅರ್ಧ ಗಂಟೆಯಿಂದ ಇದೇ ಹಗ್ಗಜಗ್ಗಾಟ. ಆರು ತಿಂಗಳ ಹಿಂದೆ ಟೈಲರನ ತಲೆಯೊಳಗಿನ ಗಡ್ಡೆಗೆ ರೇಡಿಯೇಷನ್ ಕೊಟ್ಟಿದ್ದರು. ಗಡ್ಡೆ ಕರಗಿತು, ಚಿಕಿತ್ಸೆಯ ದಿನಗಳಲ್ಲೇ ಹೊಲಿದಿಟ್ಟಿದ್ದ ಬಿಳಿ ಕೋಟೊಂದನ್ನು ಗಂಡಹೆಂಡತಿ ಹದಿನೈದು ದಿನದ ಹಿಂದೆ ಕೃತಜ್ಞತೆಗೆಂದು ಡಾಕ್ಟರಿಗೆ ಕೊಟ್ಟರು. ಕೋಟಿನ ಎಡ ತೋಳು ಬಲಕ್ಕೆ, ಬಲ ತೋಳು ಎಡಕ್ಕೆ ಕೂತಿತ್ತು! ತೋಳು ಜೋಡಿಸಿದ್ದವಳು ಹೆಂಡತಿಯೇ. ಆದರೆ "ನಿನ್ನ ಹೊಲಿಗೆ ಬಿಚ್ಚಿ ನಾನೇ ಮತ್ತೆ ಹೊಲಿದೆ, ತಲೆ ಓಡಲಿಲ್ಲ" ಎಂದು ಗಂಡ ಹೇಳಿದ್ದ. ಅವತ್ತಿನಿಂದ ಅವಳು ಸ್ಕ್ಯಾನ್ ಮಾಡಿಸಲೇಬೇಕೆಂದು ಹಟ ಹಿಡಿದಿದ್ದಳು.

ಡಾಕ್ಟರು ಬಂದರು. ಮೈಮೇಲೆ ಅದೇ ಕೋಟು.

ಡಾಕ್ಟರ್: ರೇಡಿಯೇಷನ್ ಆಗಿ ಕೆಲವು ತಿಂಗಳಾದ ಮೇಲೆ ಮೆದುಳಲ್ಲಿ ಊತ ಬರೋದುಂಟಮ್ಮ. ಇವರ ಮರೆವು ಅದರಿಂದಲೇನಾ ಅಂತ ನೋಡಿಬಿಡೋಣ. ಇಲ್ಲೊಂದು ಸೈನ್ ಹಾಕಿ.

ಪೆನ್ನು ಕೊಡಲು ಕೈ ಚಾಚಿದರು. ಕಂಕುಳಲ್ಲಿ ಬಟ್ಟೆ ಜಗ್ಗಿ, ಪೆನ್ನು ಅವರದೇ ಕಿವಿಗೆ ಹೋಗಿ ಚುಚ್ಚಿತು.

ಹೆಂಡತಿ: ಅಯ್ಯೋ, ಅದನ್ಯಾಕೆ ಹಾಕ್ಕೊಂಡ್ರಿ ಡಾಕ್ಟ್ರೇ?

ಡಾಕ್ಟರ್: ಬೇರೆದನ್ನ ಒಗೆಯೋಕೆ ಹಾಕಿದೀನಿ. ಯಜಮಾನ್ರೇ, ಮೈಮೇಲೆ ಕಬ್ಬಿಣ ಗಿಬ್ಬಿಣ ಇದ್ರೆ ತೆಗೆದಿಡಿ.

ಕಾಲರಿನಿಂದ ನಾಲ್ಕು ಗುಂಡುಪಿನ್ನು ಬಂದವು. ಜೇಬಿನಿಂದ ಕತ್ತರಿ, ಬಟನ್ ಡಬ್ಬಿ. ಮಡಿಚಿದ ತೋಳಿನಿಂದ ಮತ್ತೆ ಆರು ಪಿನ್ನು.

ಡಾಕ್ಟರ್: ಮುಗೀತಾ?

ಟೈಲರ್: ಹ್ಞೂಂ... ಹ್ಞೂಂ.

ಹೆಂಡತಿ: ಬಾಯಿ ಬಿಡ್ರೀ!

ತುಟಿ ಸಂದಿಯಿಂದ ಎರಡು ಸೂಜಿ ಹೊರಬಂದವು. ಇನ್ನು ನೆಪ ಉಳಿದಿರಲಿಲ್ಲ. ಟೈಲರ್ ಒಳಗೆ ಹೋದ, ಅವಳು ಸಿಕ್ಕಸಿಕ್ಕ ದೇವರಿಗೆಲ್ಲ ಹರಕೆ ಹೊರುತ್ತ ಹೊರಗೆ ಕೂತಳು.

ಸಂಜೆಗೆ ಚಿತ್ರ ಬಂತು.

ಡಾಕ್ಟರ್: ಊತ ಇಲ್ಲ, ಗಡ್ಡೆ ಇಲ್ಲ. ಮೆದುಳು ಸ್ವಚ್ಛವಾಗಿದೆ.

ಟೈಲರ್: ಸರಿಯಾಗಿ ನೋಡಿ ಡಾಕ್ಟ್ರೇ. ಒಂದು ಚೂರು ಊತನಾದ್ರೂ?

ಡಾಕ್ಟರ್: ಇಲ್ಲ.

ಟೈಲರ್: ಆ ಮೂಲೇಲಿ ಬೆಳ್ಳಗಿದೆಯಲ್ಲ?

ಡಾಕ್ಟರ್: ಅದು ಟ್ಯೂಬ್‌ಲೈಟಿನ ಬೆಳಕು.

ಟೈಲರ್: ಸಣ್ಣ ಊತ ಅಂತ ಬರೆದುಬಿಡಿ, ನಿಮ್ಮ ಗಂಟೇನು ಹೋಗುತ್ತೆ?

ಹೆಂಡತಿಯ ಕಣ್ಣು ತುಂಬಿತು. ಡಾಕ್ಟರಿಗೆ ಕೈಮುಗಿಯಲು ಹೋದವಳು ಅರ್ಧಕ್ಕೇ ನಿಂತಳು.

ಹೆಂಡತಿ: ಹಾಗಾದ್ರೆ... ಆ ತೋಳು?

ಟೈಲರ್ ಒಂದೊಂದಾಗಿ ಪಿನ್ನುಗಳನ್ನು ಕಾಲರಿಗೆ ಚುಚ್ಚಿಕೊಳ್ಳತೊಡಗಿದ.

ಹೆಂಡತಿ: ನನ್ನ ಹೊಲಿಗೆ ನೀವು ಬಿಚ್ಚಲೇ ಇಲ್ಲ, ಅಲ್ವಾ?

ಟೈಲರ್: ರೇಡಿಯೇಷನ್ ತಗೊಂಡು ನಾನು ವಾಂತಿ ಮಾಡ್ಕೊಂಡು ಬಿದ್ದಿದ್ದೆ. ಒಂದು ಕೈಲಿ ನನ್ನ ಹಣೆ ಹಿಡ್ಕೊಂಡು ಇನ್ನೊಂದು ಕೈಲಿ ಹೊಲಿದೆಯಲ್ಲೇ. ತೋಳು ನೆಟ್ಟಗೆ ಹೇಗೆ ಬರುತ್ತೆ? ಯಾರಾದ್ರೂ ನಿನ್ನ ಆಡ್ಕೊಂಡು ನಕ್ಕಾರು ಅಂತ...

ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಬಾಯಿಗೆ ಮೊದಲು ಬಂದದ್ದು ಸಿಟ್ಟು.

ಹೆಂಡತಿ: ಹದಿನೈದು ದಿನದಿಂದ ಊಟ ನಿದ್ದೆ ಬಿಟ್ಟಿದ್ದೀನಿ ಕಣ್ರೀ! ನಕ್ಕರೆ ನಗಲಿ, ನೀವು ಚೆನ್ನಾಗಿದ್ರೆ ಸಾಕಿತ್ತು! ಡಾಕ್ಟ್ರೇ, ತಪ್ಪು ನಂದೇ. ಕೋಟು ಬಿಚ್ಚಿಕೊಡಿ, ಸರಿಮಾಡಿ ಕೊಡ್ತೀನಿ.

ಡಾಕ್ಟರು ಕೆಮ್ಮಿದರು.

ಡಾಕ್ಟರ್: ಒಗೆಯೋಕೆ ಹಾಕಿದೀನಿ ಅಂತ ನಾನೂ ಸುಳ್ಳೇ ಹೇಳಿದೆ ಅಮ್ಮ. ನಿಮಗೆ ಬೇಜಾರಾಗುತ್ತೆ ಅಂತ ನಿಜ ಹೇಳಲಿಲ್ಲ. ನಿನ್ನೆಯಿಂದ ಬಿಚ್ಚೋಕೇ ಆಗ್ತಿಲ್ಲ.