ಚೀನಾದ ಮುಸುಕಿನವನನ್ನು ನಾನು ಹಿಡಿದದ್ದು

ಅಭಿಪ್ರಾಯ ಹೇಳಬೇಕಾದರೆ ವಿಷಯ ಗೊತ್ತಿರಬೇಕು ಎಂಬ ಮಾತನ್ನು ನಾನು ಯಾವತ್ತೂ ನಂಬಿದವಳಲ್ಲ. ಹಾಗೆ ಕಟ್ಟುಪಾಡು ಮಾಡಿದ್ದರೆ ನಮ್ಮೂರಲ್ಲಿ ಯಾರೂ ಬಾಯಿ ತೆರೆಯುವಂತಿರಲಿಲ್ಲ. ನನ್ನ ಓದು ಸಾಕ್ಷರತೆಯವರು ಬಂದು ಹೇಳಿಕೊಟ್ಟಷ್ಟು. ಬಸ್ಸಿನ ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಆದರೂ ಮಳೆ, ಮದುವೆ, ಸರ್ಕಾರ, ಬೇರೆಯವರ ಸೊಸೆಯರು, ಎಲ್ಲದರ ಮೇಲೂ ನನ್ನದೊಂದು ಮಾತಿದೆ. ಚೀನಾದವರ ಒಂದು ಸಿನಿಮಾದ ಮೇಲೂ ಇದೆ. ಅದನ್ನು ನೋಡುವ ಹೊತ್ತಿಗೆ ನನ್ನ ಕೂರುವ ಜಾಗವೇ ಹೋಗುವುದರಲ್ಲಿತ್ತು. ಅದಕ್ಕೇ ಅದು ಇಷ್ಟು ಚೆನ್ನಾಗಿ ನೆನಪಿದೆ.

ಬೆಟ್ಟದಪುರದ ಮಗ್ಗುಲಿನ ನಮ್ಮೂರಲ್ಲಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ, ಗೂಡಿನ ಬಿಸಿಯಲ್ಲಿ ಬೇಯಿಸಿ ಇಳಿಸಿದ ಮೇಲೆ ಹೆಂಗಸರಿಗೆ ಎಲೆ ವಿಂಗಡಿಸುವ ಕೆಲಸ. ಹಳದಿ ಒಂದು ಗುಡ್ಡೆ, ಕಂದು ಒಂದು ಗುಡ್ಡೆ, ಹಸಿರು ಉಳಿದದ್ದು ಬೇರೆ. ಗೌಡರ ಮನೆಯ ಉದ್ದನೆಯ ಕೊಟ್ಟಿಗೆಯಲ್ಲಿ ಹದಿನಾಲ್ಕು ಜನ ನೆಲದ ಮೇಲೆ ಕೂರುತ್ತಿದ್ದೆವು. ಬಾಗಿಲ ಪಕ್ಕ ಬೆಳಕು ಬೀಳುವ ಜಾಗ ನನ್ನದು. ಬಣ್ಣದ ಮೇಲೆ ಇಬ್ಬರಿಗೆ ಜಗಳ ಬಂದರೆ ಎಲೆಯನ್ನು ನನ್ನ ಮುಂದೆ ತರಬೇಕು; ನಾನು ಅದನ್ನು ಬಾಗಿಲ ಬೆಳಕಿಗೆ ಹಿಡಿದು ಏನು ಹೇಳಿದರೆ ಅದೇ. ಮೂವತ್ತು ವರ್ಷ ಹೀಗೆ ನಡೆದಿತ್ತು. ಆ ವರ್ಷ ಗೌಡರ ಸೊಸೆ ಸವಿತಮ್ಮ ಬಂದು ನನ್ನ ಹಳದಿ ಗುಡ್ಡೆಯಿಂದ ಎರಡು ಹಸಿರೆಲೆ ಎಳೆದು ಎಲ್ಲರಿಗೂ ಕಾಣುವಂತೆ ಹಿಡಿದಳು.

"ತಾಯಮ್ಮಜ್ಜಿ, ನಿಮ್ಗೆ ಕಣ್ಣು ಮಂಜಾಗದೆ. ನಾಳಿದ್ದಿಂದ ಕಡ್ಡಿಯಿಂದ ಸೊಪ್ಪು ಬಿಚ್ಚೋ ಕೆಲ್ಸಕ್ಕೆ ಕೂತ್ಕೊಳಿ. ಬಾಗ್ಲತ್ರ ರಾಜಿ ಕೂತ್ಕೊಳ್ತಾಳೆ."

ರಾಜಿ ನನ್ನ ಪಕ್ಕದಲ್ಲೇ ಕೂರುವವಳು, ವರಸೆಗೆ ನನ್ನನ್ನು ಅತ್ತೆ ಎನ್ನುವವಳು. ಕಡ್ಡಿ ಬಿಚ್ಚುವುದು ಹೊಸದಾಗಿ ಬಂದ ಹುಡುಗಿಯರ ಕೆಲಸ, ಇಲ್ಲವೇ ಇನ್ಯಾವುದಕ್ಕೂ ಬಾರದ ಮುದುಕಿಯರ ಕೆಲಸ. ನಾನು ಹುಡುಗಿಯಲ್ಲ. "ನನ್ ಕಣ್ಣು ಸಂದಾಗದೆ ಕಣವ್ವ. ನಿಮ್ ಸೊಪ್ಪೇ ಸರಿಯಾಗಿ ಬೆಂದಿಲ್ಲ," ಎಂದೆ. ಅರ್ಧ ಸುಳ್ಳು. ದೂರದ ಬೆಟ್ಟದ ಮೆಟ್ಟಿಲನ್ನು ಎಣಿಸುತ್ತಿದ್ದೆ. ಮಡಿಲಲ್ಲಿದ್ದ ಎಲೆ ಮಾತ್ರ ಎಲ್ಲ ಒಂದೇ ಬಣ್ಣ.

ಪಕ್ಕದ ಕೊಟ್ಟಿಗೆಯವರು ನಮ್ಮ ಹೆಂಗಸರನ್ನು ಸೆಳೆದುಕೊಳ್ಳಬಾರದು ಎಂದು ಸವಿತಮ್ಮ ಕೊಟ್ಟಿಗೆಯೊಳಗೆ ಟೀವಿ, ಸೀಡಿ ಇಡಿಸಿದ್ದಳು. ಮಾರನೇ ದಿನ ಪಿರಿಯಾಪಟ್ಟಣದ ಅಂಗಡಿಯಿಂದ ದೇವಿಯ ಸಿನಿಮಾ ಬಂತು. ಡಬ್ಬಿಯ ಮೇಲೆ ದೇವಿಯ ಚಿತ್ರವೇ ಇತ್ತು. ನಾವೆಲ್ಲ ಎಲೆ ಕೆಳಗಿಟ್ಟು ಕೈ ಮುಗಿದು ಕೂತರೆ, ಜುಟ್ಟು ಕಟ್ಟಿದ ಒಬ್ಬ ಗಂಡಸು ಗೋಡೆಯ ಮೇಲೆ ಓಡಿಹೋಗಿ ಇನ್ನೊಬ್ಬನ ತಲೆ ಹಾರಿಸಿದ. ಅಂಗಡಿಯವನು ಡಬ್ಬಿ ಅದಲುಬದಲು ಮಾಡಿದ್ದ. ಆದರೂ ರಾಜಿ ಮುಗಿದ ಕೈ ಇಳಿಸಲಿಲ್ಲ. "ಇರು ಅತ್ತೆ, ದೇವಿ ಇನ್ನೂ ಬಂದಾಳು," ಎಂದಳು. ನಾಲ್ಕು ತಲೆ ಹೋದ ಮೇಲೆ ಇಳಿಸಿದಳು.

ಭಾಷೆ ಚೀನಾದ್ದು. ಸವಿತಮ್ಮನ ಸೋದರಮಾವ, ಪಿಂಚಣಿ ಪಡೆಯುತ್ತಿದ್ದ ಮೇಷ್ಟ್ರು, ಆ ವಾರ ನೆಂಟರಾಗಿ ಬಂದಿದ್ದರು. ಚಿತ್ರದ ಕೆಳಗೆ ಬರುತ್ತಿದ್ದ ಇಂಗ್ಲಿಷ್ ಓದಿ ನಮಗೆ ಕಥೆ ಹೇಳಲು ಕುರ್ಚಿ ಹಾಕಿಕೊಂಡರು. ಹಿಂದಿನ ಕಾಲದ ಒಬ್ಬ ರಾಜ. ಕಪ್ಪು ಮುಸುಕು ಹಾಕಿದ ಒಬ್ಬ ಅರಮನೆಗೆ ನುಗ್ಗಿ ಮೊದಲು ಕಿರೀಟ ಒಯ್ಯುತ್ತಾನೆ, ಆಮೇಲೆ ಮುದ್ರೆ, ಕೊನೆಗೆ ಮಲಗಿದ್ದ ರಾಜನ ಜುಟ್ಟನ್ನೇ ಕತ್ತರಿಸಿಕೊಂಡು ಹೋಗುತ್ತಾನೆ. ರಾಜನಿಗೆ ಸೇನಾಪತಿಯ ಮೇಲೆ ಅನುಮಾನ.

ನಮ್ಮವರ ಅನುಮಾನಗಳು ಬೇರೆ. ಅಷ್ಟು ಜನ ಹೆಂಚಿನ ಮೇಲೆ ಓಡಿದರೂ ಒಂದು ಹೆಂಚೂ ಜಾರುವುದಿಲ್ಲವಲ್ಲ ಎಂದು ರಾಜಿಗೆ ಸಂಕಟ. "ನಮ್ಮನೆ ಮ್ಯಾಲೆ ಒಂದು ಕೋತಿ ಓಡುದ್ರೆ ಮಳೆಗಾಲ್ವೆಲ್ಲ ಪಾತ್ರೆ ಇಡ್ಬೇಕು. ಇವ್ರು ಯಾವ ಊರ ಹೆಂಚು ಹಾಕ್ಸವ್ರೆ ಕೇಳಿ ಮೇಷ್ಟ್ರೇ." ಬಿಳಿ ಬಟ್ಟೆ ಉಟ್ಟು ಕೆಸರಲ್ಲಿ ಹೊಡೆದಾಡುತ್ತಾರಲ್ಲ, ಒಗೆಯುವವರು ಯಾರು ಎಂದು ಇನ್ನೊಬ್ಬಳು. ಎಲ್ಲರ ಮುಖವೂ ಒಂದೇ ತರ, ಯಾರು ಸತ್ತರು ಗೊತ್ತಾಗುವುದಿಲ್ಲ ಎಂದು ಸವಿತಮ್ಮ. "ಅವ್ರು ಬಂದು ನಮ್ ಕೊಟ್ಟಿಗೆ ನೋಡುದ್ರೂ ಅಂಗೇ ಅಂತಾರೆ ಬುಡವ್ವ," ಎಂದೆ.

ಸೇನಾಪತಿಯನ್ನು ಮಂಡಿಯೂರಿಸಿ ಕತ್ತಿ ಎತ್ತಿದರು. ಮೊದಲ ಸೀಡಿ ಮುಗಿಯಿತು. ಎರಡನೆಯದನ್ನು ಹಾಕುವಷ್ಟರಲ್ಲಿ ಕರೆಂಟು ಹೋಗಿ ಆ ದಿನಕ್ಕೆ ಅಲ್ಲಿಗೇ ನಿಂತಿತು. ಕೂಡಲೇ ಮುಸುಕಿನವನು ಯಾರು ಎಂಬ ಪಂಚಾಯಿತಿ ಶುರುವಾಯಿತು. ರಾಣಿ ಎಂದಳು ರಾಜಿ. ಸೇನಾಪತಿಯೇ ಎಂದಳು ಸವಿತಮ್ಮ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಸೇನಾಪತಿಯ ತಮ್ಮ, ಅದರಲ್ಲಿ ಎರಡು ಮಾತಿಲ್ಲ ಎಂದರು.

"ರಾಜುಂಗೆ ನೀರು ಬಗ್ಗಿಸ್ಕೊಡ್ತಾಳಲ್ಲ, ಆ ಮುದ್ಕಿ," ಎಂದೆ ನಾನು.

ಹದಿಮೂರು ಜನ ನಕ್ಕರು. ಮೇಷ್ಟ್ರು ನಗಲಿಲ್ಲ, ಕನಿಕರ ತೋರಿಸಿದರು. ಅದು ಇನ್ನೂ ಕೆಟ್ಟದ್ದು. "ಆ ಮುದುಕಿ ಒಂದು ಮಾತೂ ಆಡಿಲ್ಲವಲ್ಲಜ್ಜಿ. ಅವಳ ಹೆಸರಲ್ಲಿ ಕೆಳಗೆ ಒಂದಕ್ಷರ ಬಂದಿಲ್ಲ."

"ಅಕ್ಷರ ನೋಡ್ತಾ ಕೂತ್ರೆ ಆಳು ಎಲ್ಲಿ ಕಂಡಾರು ಮೇಷ್ಟ್ರೇ? ಅವ್ಳು ಏಳೋದ ನೋಡಿದ್ರಾ? ಎಡಗೈ ಮಂಡಿ ಮ್ಯಾಲೆ ಊರಿ, ಬಲಗಾಲ ಪಕ್ಕುಕ್ಕೆ ಎಳ್ಕೊಂಡು ಏಳ್ತಾಳೆ. ಆ ಮುಸುಕ್ನೋನೂ ಏಳು ಜನುನ್ನ ಕೊಂದು ಅಂಗೇ ಎದ್ದ. ಎಳೇ ಗಂಡ್ಸು ಅಂಗೆ ಏಳಾಕಿಲ್ಲ. ವರ್ಸಗಟ್ಲೆ ನೆಲುದ್ ಮ್ಯಾಲೆ ಕೂತು ಗೇದೋರು ಅಂಗೆ ಏಳೋದು. ನಮ್ಮಂಗೆ."

"ಕಣ್ಣೆದುರಿನ ಹಸ್ರೆಲೆ ಕಾಣಾಕಿಲ್ಲ, ಇವ್ರಿಗೆ ಚೀನಾದ ಮಂಡಿ ಕಂಡ್ಬುಡ್ತು," ಎಂದಳು ಸವಿತಮ್ಮ.

ನನಗೆ ರೇಗಿತು. ರೇಗಿದಾಗ ನಾನು ಯೋಚನೆ ಮಾಡುವುದಿಲ್ಲ, ಇದರಿಂದ ಮೊದಲೂ ಕೆಟ್ಟಿದ್ದೇನೆ. "ಆ ಮುದ್ಕಿ ಅಲ್ದಿದ್ರೆ ನಾನೇ ಎದ್ದೋಗಿ ಕಡ್ಡಿ ಬಿಚ್ತೀನಿ, ಯಾರೂ ಯೋಳ್ಬೇಕಾಗಿಲ್ಲ. ಅವ್ಳೇ ಆದ್ರೆ ಈ ಸುಗ್ಗಿ ಮುಗಿಯೋಗಂಟ ನನ್ ಜಾಗದ ಮಾತು ಎತ್ಬಾರ್ದು. ಒಪ್ತೀಯೇನವ್ವ?"

ಅಷ್ಟು ಜನರ ಮುಂದೆ ಸವಿತಮ್ಮ ಇಲ್ಲ ಎನ್ನಲಾಗದೆ ಒಪ್ಪಿದಳು.

ಮಾರನೇ ಬೆಳಿಗ್ಗೆ ಬೆಟ್ಟದ ಕಡೆ ತಿರುಗಿ ಮಲ್ಲಿಕಾರ್ಜುನನಿಗೆ ಕೈ ಮುಗಿದೆ. ಏನೆಂದು ಬೇಡಿಕೊಳ್ಳಬೇಕೋ ತಿಳಿಯಲಿಲ್ಲ. ಬೇರೆ ದೇಶದ ಸಿನಿಮಾ, ಯಾವತ್ತೋ ತೆಗೆದು ಮುಗಿಸಿದ್ದು. ಈಗ ಅವನು ತಾನೇ ಏನು ಮಾಡಿಯಾನು? ಸುಮ್ಮನೆ "ನೋಡ್ಕೋ" ಎಂದು ಬಂದುಬಿಟ್ಟೆ.

ಸುದ್ದಿ ಹರಡಿ ಪಕ್ಕದ ಕೊಟ್ಟಿಗೆಯ ಹೆಂಗಸರೂ ಎಲೆ ಬಿಟ್ಟು ಬಂದಿದ್ದರು. ನಮ್ಮವರನ್ನು ಸೆಳೆಯಬಹುದಾಗಿದ್ದ ಕೊಟ್ಟಿಗೆಯ ಆಳುಗಳೇ ನಮ್ಮಲ್ಲಿ ಬಂದು ಕೂತದ್ದು ಕಂಡು ಸವಿತಮ್ಮನಿಗೆ ಒಳಗೊಳಗೆ ಖುಷಿ. ಎರಡನೆಯ ಸೀಡಿ ಶುರುವಾದೊಡನೆ ಮುಸುಕಿನವನು ಹಾರಿ ಬಂದು ಸೇನಾಪತಿಯನ್ನು ಬಿಡಿಸಿದ. ಅಲ್ಲಿಗೆ ಸವಿತಮ್ಮನ ಮಾತು ಬಿತ್ತು. ಸ್ವಲ್ಪ ಹೊತ್ತಿಗೆ ರಾಣಿಯೂ ಮುಸುಕಿನವನೂ ಎದುರೆದುರು ನಿಂತರು. ರಾಜಿ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದಳು. ಇನ್ನು ಉಳಿದದ್ದು ಮೇಷ್ಟ್ರು ಹೇಳಿದ ಸೇನಾಪತಿಯ ತಮ್ಮ. ಅವನು ಎಲ್ಲೂ ಕಾಣಿಸುತ್ತಿರಲಿಲ್ಲ, ಮುಸುಕಿನೊಳಗೆ ಅವನೇ ಇದ್ದರೆ ನನ್ನ ಜಾಗ ಹೋದಂತೆ. ಕೊನೆಗೆ ಅರಮನೆಯ ಮಾಡಿನ ಮೇಲೆ ನಲವತ್ತು ಜನ ಸುತ್ತುವರಿದರು. ಬಾಣ ತಾಗಿ ಮುಸುಕಿನವನು ಕುಸಿದ. ಆಮೇಲೆ ಎಡಗೈ ಮಂಡಿಯ ಮೇಲೆ ಊರಿ, ಬಲಗಾಲು ಪಕ್ಕಕ್ಕೆಳೆದು ಎದ್ದ. ರಾಜನೇ ಮುಂದೆ ಬಂದು ಮುಸುಕು ಕಿತ್ತ. ನರೆತ ಕೂದಲು ಹೆಗಲ ಮೇಲೆ ಬಿತ್ತು.

ಮೇಷ್ಟ್ರು ಮೆಲ್ಲಗೆ ಓದಿ ಹೇಳಿದರು: ಅವಳ ಊರನ್ನು ರಾಜ ಸುಡಿಸಿದ್ದನಂತೆ, ಹದಿನೆಂಟು ವರ್ಷ ಅವನಿಗೆ ನೀರು ಕೊಟ್ಟಳಂತೆ, ಒಂದು ದಿನವೂ ಅವನು ತಲೆಯೆತ್ತಿ ಇವಳ ಮುಖ ನೋಡಲಿಲ್ಲವಂತೆ.

"ಅದುನ್ನ ಇಂಗ್ಲೀಸಲ್ಲಿ ಬ್ಯಾರೆ ಬರೀಬೇಕಾ?" ಎಂದೆ. ಅಷ್ಟೇ ಹೇಳಿದ್ದು. ಆಮೇಲೆ ಎದ್ದ ಗದ್ದಲಕ್ಕೆ ಗೌಡರು ಏನಾಯಿತೋ ಎಂದು ಹೊಲದಿಂದ ಬಂದರು. ರಾಜಿ ನನ್ನ ರಟ್ಟೆ ಹಿಡಿದು, "ಅತ್ತೆ, ನೀನು ಯಾರ ಮನೆ ಹೆಂಚಿನ ಮ್ಯಾಲೆ ಓಡ್ತಿದ್ದೆ ಯೋಳ್ಬುಡು," ಎಂದಳು. ಮೇಷ್ಟ್ರು, ತಮಗೂ ಆ ಮುದುಕಿಯ ಮೇಲೆ ಒಂದು ಕಣ್ಣಿತ್ತು, ಹೇಳಿರಲಿಲ್ಲ ಅಷ್ಟೆ ಎಂದರು. ಇರಲಿ, ನೆಂಟರು. ಆವತ್ತಿನಿಂದ ಸುತ್ತಲ ನಾಲ್ಕೂರಿನ ಹೆಂಗಸರು ಯಾವ ಧಾರಾವಾಹಿಯಲ್ಲಿ ಯಾರು ವಿಷ ಹಾಕಿದರು, ಕಳೆದುಹೋದ ಮಗ ಯಾರು ಎಂದು ನನ್ನನ್ನು ಕೇಳಲು ಬರತೊಡಗಿದರು. ನಾನೂ ಒಂದನ್ನೂ ಬಿಡದೆ ಹೇಳಿದೆ. ಕೆಲವು ಸರಿಯೂ ಆದವು.

ಬಾಗಿಲ ಪಕ್ಕದ ಜಾಗ ನನ್ನದಾಗಿಯೇ ಉಳಿಯಿತು. ಸವಿತಮ್ಮ ಕೊಟ್ಟ ಮಾತಿಗೆ ನಿಲ್ಲುವವಳು, ಸುಗ್ಗಿ ಮುಗಿಯುವವರೆಗೆ ಚಕಾರವೆತ್ತಲಿಲ್ಲ. ದಿನಕ್ಕೆರಡು ಸಲ ಬಂದು ನನ್ನ ಮಗ್ಗುಲಲ್ಲಿ ಕೂತು, ಕಾಫಿ ಕುಡಿದಿರಾ, ಸೊಂಟ ನೋವು ಹೇಗಿದೆ ಎಂದು ವಿಚಾರಿಸುತ್ತ, ನನ್ನ ಹಳದಿ ಗುಡ್ಡೆಯಿಂದ ಒಂದೊಂದೇ ಎಲೆ ಎಳೆದು ಸೆರಗಿನ ಮರೆಗೆ ಸೇರಿಸಿಕೊಂಡು ಹೋಗುತ್ತಿದ್ದಳು. ಅವು ಯಾವ ಬಣ್ಣದವೋ ನನಗೆ ಕಾಣಲಿಲ್ಲ. ಅವಳ ಕೈ ಚೆನ್ನಾಗಿ ಕಾಣುತ್ತಿತ್ತು. ಗೆದ್ದವಳು ಅದನ್ನೆಲ್ಲ ನೋಡಬಾರದು ಎಂದು ಬೆಟ್ಟದ ಕಡೆ ಮುಖ ಮಾಡಿ ಕೂರುತ್ತಿದ್ದೆ.