ವ್ಯಾನಿಗೊಂದು ಅಡುಗೆಕಟ್ಟೆ

ಹಿಂದೂಪುರದ ಹರಿಕೃಷ್ಣ ಹಳೇ ಸ್ಕೂಲ್ ವ್ಯಾನೊಂದನ್ನು ಕೊಂಡು ಓಡಾಡುವ ಮನೆ ಮಾಡಿದ್ದ. ಹಾಸಿಗೆ ಬಂತು, ಫ್ಯಾನು ಬಂತು, ಕಿಟಕಿಗೆ ಪರದೆಯೂ ಬಂತು. ಅಡುಗೆಕಟ್ಟೆಯ ಮೇಲೆ ಏನು ಹಾಸುವುದು ಎಂಬಲ್ಲಿಗೆ ಬಂದಾಗ ಇಡೀ ಬೀದಿಯೇ ವ್ಯಾನಿನೊಳಗೆ ಬಂತು.

ಅವತ್ತು ಕಲ್ಯಾಣದುರ್ಗದ ಅತ್ತೆಮನೆಗೆ ಮೊದಲ ಪಯಣ. ವ್ಯಾನಿನ ಸುದ್ದಿ ಕೇಳಿ ಮಾವ ಓಬಣ್ಣ ಅದನ್ನು ‘ಐಸ್‌ಕ್ರೀಮ್ ಬಂಡಿ’ ಎಂದು ನಕ್ಕಿದ್ದ. ಅದರಲ್ಲೇ ಟೀ ಕಾಸಿ ಅವನ ಬಾಯಿ ಮುಚ್ಚಿಸಬೇಕೆಂಬುದು ಹರಿಕೃಷ್ಣನ ಹಟ.

“ಪ್ಲೈವುಡ್ಡಾ? ನೀರು ಬಿದ್ರೆ ಹಪ್ಪಳದಂಗೆ ಉಬ್ತದೆ ಕಣಪ್ಪ. ಸ್ಟೀಲ್ ಹಾಕ್ಸು,” ಎಂದ ಎದುರುಮನೆ ಕೊಟ್ಟೂರಪ್ಪ.

“ಸ್ಟೀಲಾ! ಗುಂಡಿಗುಂಡಿಗೂ ಢಣಢಣ ಅಂತದೆ. ಊರೂರಿಗೆ ಉರುಮೆ ಹೊಡ್ಕಂಡು ಹೋಯ್ತಾನಾ?” ಪಕ್ಕದ್ಮನೆ ಪೆದ್ದಕ್ಕ ಸೊಂಟಕ್ಕೆ ಕೈಯಿಟ್ಟಳು. “ಗ್ರಾನೈಟ್ ಹಾಕ್ಸಪ್ಪ. ನಮ್ಮಳಿಯಂದೇ ಅಂಗಡಿ ಐತೆ.”

“ಹಗುರಾಗಿರೋದು ಹಾಕ್ರಿ, ಇದು ಗಾಡಿ,” ಎಂದಳು ಹೆಂಡತಿ ಪದ್ಮಲತಾ. ಅಷ್ಟರಲ್ಲಿ ಪೆದ್ದಕ್ಕ ಅಳಿಯನಿಗೆ ಫೋನ್ ಮಾಡಿಯೇಬಿಟ್ಟಿದ್ದಳು. ಇಲ್ಲ ಎನ್ನುವುದು ಹರಿಕೃಷ್ಣನಿಗೆ ಹುಟ್ಟಿನಿಂದಲೇ ಬಾರದ ವಿದ್ಯೆ.

ಗ್ರಾನೈಟ್ ಕೂರಿಸಿದ ಕೂಡಲೇ ವ್ಯಾನಿನ ಹಿಂಭಾಗ ಕೆರೆಗಿಳಿದ ಎಮ್ಮೆಯಂತೆ ಕುಸಿದು, ಮೂತಿ ಮೇಲೆದ್ದಿತು. ಹಾಗೆಯೇ ಹೊರಟ ಹರಿಕೃಷ್ಣನಿಗೆ ರಸ್ತೆಗಿಂತ ಆಕಾಶವೇ ಹೆಚ್ಚು ಕಾಣುತ್ತಿತ್ತು. ಸೋಮಂದೇಪಲ್ಲಿ ದಾಟುವಷ್ಟರಲ್ಲಿ ಸ್ಪ್ರಿಂಗು ಕಿರುಗುಟ್ಟಿತು. ಮುಂದಿನ ಏರಿನಲ್ಲಿ ಕುರಿಮಂದೆಯೊಂದು ಅವರನ್ನು ಹಿಂದೆ ಹಾಕಿತು.

“ಅನ್ನಾ, ತೋಸೇದಾ?” ತಳ್ಳಲಾ ಎಂದು ಕುರಿಯವನು ತೆಲುಗಿನಲ್ಲಿ ಕೇಳಿದ. ಹರಿಕೃಷ್ಣ ಮಾನ ಬಿಟ್ಟು ತಲೆಯಾಡಿಸಿದ. ಕುರಿಯವನು ತಳ್ಳಿದ, ಪದ್ಮಲತಾಳೂ ಇಳಿದು ತಳ್ಳಿದಳು.

ಕಲ್ಯಾಣದುರ್ಗದಲ್ಲಿ, ಸರಿಯಾಗಿ ಮಾವನ ಮನೆ ಮುಂದಿನ ರಸ್ತೆಯುಬ್ಬಿನ ಮೇಲೆ ವ್ಯಾನು ಹೊಟ್ಟೆ ಊರಿ ಮಲಗಿತು.

“ಅಳಿಯಂದ್ರೇ, ಗಾಡಿ ತಂದ್ರೋ, ಕಲ್ಲುಗಣಿ ತಂದ್ರೋ?” ಓಬಣ್ಣ ಬೀದಿಯವರನ್ನೆಲ್ಲ ಕರೆದು ಗ್ರಾನೈಟ್ ಇಳಿಸಿದ. ಹಾಗೆಯೇ ಬಡಗಿ ಗಂಗರಾಜುವನ್ನು ಕರೆಸಿ, ತೆಳು ಪ್ಲೈವುಡ್ಡಿಗೆ ಸನ್‌ಮೈಕಾ ಅಂಟಿಸಿ ಕೂರಿಸಿಯೂ ಬಿಟ್ಟ. ವ್ಯಾನು ಹಗ್ಗ ಬಿಚ್ಚಿದ ಕರುವಿನಂತೆ ಮೇಲೆದ್ದಿತು.

ಹರಿಕೃಷ್ಣ ಒಲೆ ಹಚ್ಚಿ ಟೀ ಕಾಸಿದ. ಓಬಣ್ಣ ಒಂದು ಗುಟುಕು ಕುಡಿದ. ಲೋಟ ಖಾಲಿ ಮಾಡಿ ಮತ್ತೆ ಚಾಚಿದ. “ಪರ್ವಾಗಿಲ್ಲ ಕಣಪ್ಪ, ಇದ್ರಾಗೆ ಸಂಸಾರ ಮಾಡಬೌದು!”

ಹರಿಕೃಷ್ಣನ ಎದೆ ಪೂರಿಯಂತೆ ಉಬ್ಬಿತು. ಅತ್ತೆ ನಾರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಸರಸರನೆ ಹಿತ್ತಲಿಗೆ ಹೋದಳು.

ಒಳಗೆ ಊಟ ಮುಗಿಸಿ, ಸಂಜೆ ಹೊರಡಲೆಂದು ಆಚೆ ಬಂದರೆ ವ್ಯಾನು ಮತ್ತೆ ಕುಸಿದು ಕೂತಿತ್ತು. ಹರಿಕೃಷ್ಣ ಗಾಬರಿಯಿಂದ ಹಿಂದಿನ ಬಾಗಿಲು ತೆರೆದ. ಅರಿಶಿನ ಕುಂಕುಮ ಹಚ್ಚಿಸಿಕೊಂಡ ಭಾರೀ ಒರಳುಕಲ್ಲೊಂದು ಗುಂಡಿನ ಸಮೇತ ಕೂತಿತ್ತು.

“ನಮ್ಮತ್ತೆ ಕಾಲದ್ದು,” ಎಂದಳು ನಾರಮ್ಮ. “ಐಸ್‌ಕ್ರೀಮ್ ಬಂಡಿ ಅಂದ್ಕಂಡು ಸುಮ್ಕಿದ್ದೆ. ಇಷ್ಟು ಚೆಂದ ಅಡುಗೆಮನೆ ಮಾಡಿದ್ಮೇಲೆ ಕೊಡದಿದ್ರೆ ಹೆಂಗೆ? ಬ್ಯಾಡ ಅನ್ಬ್ಯಾಡಿ ಅಳಿಯಂದ್ರೇ.”

ಹರಿಕೃಷ್ಣ ಕಾಪಾಡು ಎಂಬಂತೆ ಹೆಂಡತಿಯ ಕಡೆ ನೋಡಿದ. ಪದ್ಮಲತಾ ಆಗಲೇ ಒಳಗೇರಿ, ಅಜ್ಜಿಯ ಕಲ್ಲನ್ನು ತಬ್ಬಿಕೊಂಡು ಕೂತಿದ್ದಳು.

“ಮೆಲ್ಲಗೆ ಹೋಗ್ರಿ,” ಎಂದಳು, “ಕಲ್ಲಿಗೆ ಪೆಟ್ಟಾಗ್ತದೆ.”